ಕುಣಿದವಳು ಇಡದ ಎಡೆ

ನಯನಾ ಅಜ್ಜಿಯ ಮಣ್ಣಿಗೆ ಇರಲಿಲ್ಲ. ರಂಗಮ್ಮ ತೀರಿಕೊಂಡಾಗ ಮೊಮ್ಮಗಳು ಜಪಾನಿನ ತೊಕುಶಿಮಾದಲ್ಲಿ ಓದುತ್ತಿದ್ದಳು. ಸುದ್ದಿ ಮುಟ್ಟುವ ಹೊತ್ತಿಗೆ ಹಾರನಹಳ್ಳಿಯಲ್ಲಿ ಎಲ್ಲ ಮುಗಿದಿತ್ತು. ತಾಯಿಯಿಲ್ಲದ ಅವಳನ್ನು ಸಾಕಿದ್ದು ಆ ಅಜ್ಜಿಯೇ. ವರ್ಷದ ಎಡೆಯನ್ನಾದರೂ ಕೈಯಾರೆ ಇಡಬೇಕೆಂದು, ಕೋರ್ಸು ಮುಗಿದದ್ದೇ ತಡ, ಊರಿಗೆ ಬಂದಿದ್ದಳು.

ಒಲೆಯ ಮೇಲೆ ಕೋಳಿಸಾರು ಕುದಿಯುತ್ತಿತ್ತು. ಸೋದರತ್ತೆ ಮುತ್ತಮ್ಮ ಬಾಳೆಎಲೆ ಒರೆಸುವುದನ್ನು ಬಿಟ್ಟು, ಗೂಡಿನಿಂದ ಒಂದು ಫೋಟೊ ತೆಗೆದು ನಯನಾಳ ಮುಂದೆ ಹಿಡಿದಳು. ನಯನಾ ಜಪಾನಿನಿಂದ ಗೆಳತಿ ಕಾವ್ಯಶ್ರೀಗೆ ಇ-ಮೇಲಿನಲ್ಲಿ ಕಳಿಸಿದ್ದು. ಮನೆಯವರೂ ನೋಡಲಿ ಎಂದು ಕಾವ್ಯಶ್ರೀ ಅದನ್ನು ಅರಸೀಕೆರೆಯ ಸೈಬರ್ ಸೆಂಟರಿನಲ್ಲಿ ಪ್ರಿಂಟ್ ಹಾಕಿಸಿ ತಂದುಕೊಟ್ಟಿದ್ದಳು. ಬೀದಿ ತುಂಬ ಹೆಂಗಸರು, ತಲೆಯ ಮೇಲೆ ಮೊರ ಮಡಿಸಿಟ್ಟಂಥ ಟೋಪಿ, ಎರಡೂ ಕೈ ಮೇಲಕ್ಕೆ. ನಡುವೆ ನಯನಾ, ಬಾಯ್ತುಂಬ ನಗು.

"ಯಾವಾಗಿಂದೇ ಇದು?"

"ಹೋದ ಆಗಸ್ಟು."

"ಅವ್ವ ಸತ್ತು ಎರಡು ತಿಂಗಳಿಗೆ! ನಾವಿಲ್ಲಿ ಗೌರಿಹಬ್ಬಕ್ಕೆ ಒಂದು ಒಬ್ಬಟ್ಟು ತಟ್ಟಲಿಲ್ಲ. ನೀನು ಬೀದೀಲಿ ಕುಣೀತಿದ್ದೆ. ಆ ಕೈ ಎಡೆ ಮುಟ್ಟಬಾರದು ಕಣೇ."

"ಅದು ಸತ್ತೋರಿಗೆ ಅಂತಾನೇ ಮಾಡೋ ಹಬ್ಬ ಕಣತ್ತೆ."

ನಯನಾ ಮೊದಲು ಒಲ್ಲೆ ಎಂದೇ ಹೇಳಿದ್ದಳು. ಆ ಹಬ್ಬದ ಕುಣಿತವನ್ನು ಮೇ ತಿಂಗಳಿಂದ ಕಲಿತಿದ್ದಳು: ಬಲಗೈ ಜೊತೆ ಬಲಗಾಲು, ಎಡಗೈ ಜೊತೆ ಎಡಗಾಲು, ಮರದ ಪಾದರಕ್ಷೆಯ ತುದಿಯ ಮೇಲೆ ಮೈಭಾರ. ಸಾವಿನ ಸುದ್ದಿ ಬಂದ ಮೇಲೆ ಪಾದರಕ್ಷೆಗಳನ್ನು ಕುಣಿತದ ತಂಡದ ಹಿರಿಯಳಾದ ಮೋರಿ ಎಂಬವಳಿಗೆ ಹಿಂದಿರುಗಿಸಲು ಹೋದಳು. ನಮ್ಮ ಮನೆಯಲ್ಲಿ ಸಾವಾಗಿದೆ, ಈ ವರ್ಷ ನಮಗೆ ಹಬ್ಬವಿಲ್ಲ ಎಂದಳು. ಮೋರಿ ತೆಗೆದುಕೊಳ್ಳಲಿಲ್ಲ. ಆಕೆಯ ಗಂಡನೂ ಆ ವರ್ಷವೇ ಹೋಗಿದ್ದ. "ಹಾಗಾದರೆ ಈ ವರ್ಷವೇ ಕುಣಿಯಬೇಕು. ಹೋದವರು ಮೊದಲ ಸಲ ಮನೆಗೆ ಬರುತ್ತಾರೆ" ಎಂದಳು.

ನಯನಾ ಕುಣಿದಳು. ಕಾಲ್ಬೆರಳ ಸಂದಿ ಸುಲಿದುಹೋಯಿತು. ಕೈಯೆತ್ತಿ ಹೆಜ್ಜೆ ಹಾಕುತ್ತಿದ್ದಾಗ, ಒಣಹಾಕಿದ ರಾಗಿಯಿಂದ ಕೋಳಿ ಓಡಿಸುತ್ತಿದ್ದ ಅಜ್ಜಿ ನೆನಪಾದಳು. ಎರಡೂ ಕೈ ಹೀಗೇ ಎತ್ತುತ್ತಿದ್ದಳು. ಆಗ ಬಂದ ನಗು ಫೋಟೊದಲ್ಲಿದ್ದದ್ದು.

ಇದನ್ನೆಲ್ಲ ಹೇಳಿದಳು. ಜಗಲಿಯಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ ಅವಳಪ್ಪ ಕೃಷ್ಣಪ್ಪ ತಲೆಯೆತ್ತಿದ.

"ಸತ್ತೋರು ಅಲ್ಲಿಗೂ ಬತ್ತಾರೇನವ್ವ?"

"ಬತ್ತಾರಂತಪ್ಪ."

"ನಮ್ಮವ್ವ ಬೇಲೂರು ದಾಟಿದೋಳಲ್ಲ. ಬಸ್ ಹತ್ತಿದ್ರೆ ವಾಂತಿ ಮಾಡ್ಕತಿದ್ಲು. ಅಷ್ಟು ದೂರ ಹೆಂಗೆ ಬಂದಾಳು?"

ಮುತ್ತಮ್ಮನಿಗೂ ನಗು ಬಂತು. ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

"ನಾನೇನು ಕಲ್ಲಲ್ಲ. ತಪ್ಪಾಯ್ತು ಅಂತ ಅವ್ವನ ಫೋಟೊಕ್ಕೆ ಅಡ್ಡಬೀಳು. ಎಡೆ ನೀನೇ ಇಡು."

ಸುಲಭದ ಮಾತು. ಅಜ್ಜಿಯಾಗಿದ್ದರೆ ತಪ್ಪಾಯ್ತು ಎಂದು ಹತ್ತು ಸಲ ಹೇಳಿ, ಆಚೆ ತಿರುಗಿ ನಕ್ಕಿರುತ್ತಿದ್ದಳು. ನಯನಾ ಗೋಡೆಯ ಫೋಟೊ ನೋಡಿದಳು. ಅಜ್ಜಿ ಸತ್ತ ಮೇಲೆ ಅವಳಿಗಾಗಿ ತಾನು ಮಾಡಿದ್ದು ಆ ಕುಣಿತವೊಂದೇ. ಅದನ್ನು ತಪ್ಪು ಎಂದು ಅವಳ ಮುಖಕ್ಕೇ ಹೇಳಲು ಬಾಯಿ ಬರಲಿಲ್ಲ.

"ತಪ್ಪು ಮಾಡಿಲ್ಲ ಕಣತ್ತೆ."

"ಹಂಗಾದ್ರೆ ಆಚೆ ನಿಂತ್ಕೊ."

ಕೃಷ್ಣಪ್ಪ ಅಕ್ಕನನ್ನು ನೋಡಿದ, ಮಗಳನ್ನು ನೋಡಿದ. ಮತ್ತೆ ಕಾಯಿ ಸುಲಿಯತೊಡಗಿದ.

ಮುತ್ತಮ್ಮ ಎಲೆಗೆ ಮುದ್ದೆ, ಸಾರು, ಎಲೆಅಡಿಕೆ ಬಡಿಸಿದಳು. ನಯನಾ ಹೊಸ್ತಿಲಾಚೆಯಿಂದ ಹೇಳಿದಳು, "ಅತ್ತೆ, ಕಡ್ಡಿಪುಡಿ."

"ಗೊತ್ತೈತೆ, ಸುಮ್ನಿರು" ಎಂದ ಮುತ್ತಮ್ಮ ಎದ್ದು ಹೋಗಿ ಅಜ್ಜಿಯ ಹೊಗೆಸೊಪ್ಪಿನ ಡಬ್ಬಿ ಹುಡುಕಿ ತಂದಿಟ್ಟಳು. ಆಮೇಲೆ ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಂದೆಳೆದುಕೊಂಡು ತಾನೂ ಹೊರಗೆ ಬಂದಳು. ಮೂವರೂ ಜಗಲಿಯ ಮೇಲೆ ಕೂತರು.

ನಯನಾಳಿಗೆ ತಪ್ಪಿದ್ದು ಎರಡು: ಒಂದು ಹಿಡಿ ಮಣ್ಣು, ಒಂದು ಎಡೆ.