ಗಾಳಿಗೆ ಅಡ್ಡ ನಿಂತ ಮರಗಳು

ಸರಪಳಿಯ ಕೊಂಡಿ ಸಿಕ್ಕಿಸಲು ಹೋದಾಗಲೆಲ್ಲ ಗಾಳಿ ಗೇಟನ್ನೇ ಹಿಡಿದು ಜಗ್ಗುತ್ತಿತ್ತು. ಕಡೆಗೆ ಕೆರೆನ್ಸ ಗೇಟಿಗೆ ಬೆನ್ನು ಕೊಟ್ಟು, ಬೂಟುಗಾಲನ್ನು ನೆಲಕ್ಕೆ ಊರಿ, ಕೊಂಡಿ ಹಾಕಿಯೇ ಬಿಟ್ಟಳು. 'ಗಾಳಿ ಜೋರಾಗಿರುವುದರಿಂದ ಇಂದು ತೋಟ ಮುಚ್ಚಿದೆ' ಎಂಬ ಹಲಗೆಯನ್ನು ತಂತಿಯಿಂದ ಬಿಗಿದಳು. ಬೊಸ್ಕಾರ್ನ್ ತೋಟದ ಮುಖ್ಯ ಮಾಲಿಯಾದ ಮೇಲೆ ಈ ಹಲಗೆಯನ್ನು ಎಷ್ಟೋ ಸಲ ಕಟ್ಟಿದ್ದಾಳೆ. ಮನೆಯಲ್ಲಿ ಅಪ್ಪನ ಹೆಣ ಇಟ್ಟುಕೊಂಡು, ಕರಿಯ ಬಟ್ಟೆಯ ಮೇಲೆ ಕೆಲಸದ ಕೋಟು ಏರಿಸಿಕೊಂಡು ಕಟ್ಟಿದ್ದು ಇದೇ ಮೊದಲು.

"ಅದನ್ನ ಬಿಚ್ಚು," ಎಂದಿತು ಹಿಂದಿನಿಂದ ಒಂದು ದನಿ.

ಅವಳ ತಾಯಿ ಲವ್‌ಡೇ. ಚರ್ಚಿಗೆಂದು ಷೂ ಹಾಕಿಕೊಂಡಿದ್ದಳು, ತಲೆಗೆ ಮಾತ್ರ ಹ್ಯಾಟಿನ ಬದಲು ಗಂಡ ಹೆಡ್ಲಿಯ ಉಣ್ಣೆ ಟೋಪಿ. ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಅಳುವಿನದು ಬೇರೆ ಇದ್ದರೆ ಅದೂ ಅದರಲ್ಲೇ ಸೇರಿಹೋಗಿತ್ತು.

"ಬಿಚ್ಚಕ್ಕಾಗಲ್ಲಮ್ಮ. ಗಾಳಿ ಹೆಂಗಿದೆ ನೋಡು. ಪೆಟ್ಟಿಗೆ ಕಾರಲ್ಲಿ ಹೋಗ್ಲಿ. ರಸ್ತೆ ಮೇಲೆ ಸುತ್ತು ಹಾಕ್ಕೊಂಡು ಚರ್ಚಿಗೆ ಬರುತ್ತೆ."

"ನಿಮ್ಮಜ್ಜನ್ನ ತೋಟದೊಳಗಿಂದ ಹೊತ್ಕೊಂಡು ಹೋದ್ರು. ನಿಮ್ಮಪ್ಪನೇ ಹೆಗಲು ಕೊಟ್ಟಿದ್ದ. ಇಲ್ಲಿ ದುಡಿದೋರೆಲ್ಲ ಹಂಗೇ ಹೋಗಿದಾರೆ. ಇವನೊಬ್ಬನ್ನ ಮೀನಿನ ಬುಟ್ಟಿ ಥರ ರಸ್ತೆ ಮೇಲೆ ಸಾಗಿಸ್ತೀಯಾ?"

"ಮರ ಬಿದ್ರೆ?"

"ಯಾವ ಮರ?"

ಯಾವ ಮರವೆಂದು ಇಬ್ಬರಿಗೂ ಗೊತ್ತಿತ್ತು.

"ಅವನು ನೆಟ್ಟ ಮರ ಅವನ ಮೇಲೇ ಬೀಳುತ್ತೆ ಅಂತೀಯ," ಎಂದಳು ಲವ್‌ಡೇ.

"ಅವನ ಮೇಲೆ ಬಿದ್ರೆ ಇನ್ನೇನಾಗ್ಬೇಕಮ್ಮ. ಹೊತ್ಕೊಂಡಿರೋರ ಮೇಲೆ ಬೀಳುತ್ತೆ, ಅದು ನನ್ನ ಚಿಂತೆ."

ಲವ್‌ಡೇಗೆ ಬೇಡವೆಂದರೂ ನಗು ಬಂತು. ಬಂದ ನಗು ಅರ್ಧಕ್ಕೇ ಮುರಿಯಿತು. ಮಗಳ ಕೋಟಿನ ತೋಳು ಹಿಡಿದುಕೊಂಡು, "ಹೋಗಿ ನೋಡ್ಕೊಂಡು ಬಾ," ಎಂದಳು. "ನೋಡಿ ಬಂದು ಬೇಡ ಅಂದ್ರೆ ನಾನು ಬಾಯಿ ಮುಚ್ಕೊಂಡು ಕಾರಲ್ಲಿ ಕೂತ್ಕೋತೀನಿ. ನೋಡ್ದೆ ಬೇಡ ಅನ್ಬೇಡ. ಆ ಜಗಳ ಆದ್ಮೇಲೆ ನೀನು ಆ ಕಡೆ ತಲೇನೇ ಹಾಕಿಲ್ಲ."

ಅದು ನಿಜವಾದ ಮಾತು, ಅದಕ್ಕೇ ಕೆರೆನ್ಸಳಿಗೆ ಸಿಟ್ಟು ಬಂತು. ಆದರೂ ಕೊಂಡಿ ಬಿಚ್ಚಿ, ತಾನೊಬ್ಬಳೇ ಒಳಗೆ ಹೊಕ್ಕು ಮತ್ತೆ ಹಾಕಿಕೊಂಡಳು.

*

ಕೆರೆನ್ಸ ಶಾಲೆಗೆ ಹೋಗುವ ಹುಡುಗಿಯಾಗಿದ್ದಾಗ ಒಂದು ಜನವರಿಯಲ್ಲಿ ಬಂದ ಬಿರುಗಾಳಿಯನ್ನು ಕಾರ್ನ್‌ವಾಲಿನ ಈ ಮೂಲೆಯವರು ಈಗಲೂ ಬರೀ 'ಆ ಗಾಳಿ' ಎನ್ನುತ್ತಾರೆ. ಬೊಸ್ಕಾರ್ನ್ ಇರುವುದು ಕಡಲಿಗೆ ಇಳಿಯುವ ಕಣಿವೆಯಲ್ಲಿ. ಮೇಲೆ ರಸ್ತೆ, ಕೆಳಗೆ ದಂಡೆಯಲ್ಲಿ ಚರ್ಚು, ನಡುವೆ ತೋಟ. ಉಪ್ಪುಗಾಳಿ ಒಳನುಗ್ಗದ ಹಾಗೆ ಹಿಂದಿನವರು ಕಣಿವೆಯ ಬಾಯಿಗೆ ಅಡ್ಡಲಾಗಿ ಪೈನ್ ಮರಗಳ ದಟ್ಟ ಪಟ್ಟಿಯೊಂದನ್ನು ನೆಟ್ಟಿದ್ದರು. ಅದನ್ನು ಗಾಳಿತಡೆ ಎನ್ನುತ್ತಿದ್ದರು. ಆ ಮಧ್ಯಾಹ್ನ ಅದು ಪೂರ್ತಿ ನೆಲ ಕಚ್ಚಿತು. ವಾರ ಕಳೆಯುವುದರೊಳಗೆ ಕಣಿವೆಯ ಹಸಿರೆಲ್ಲ ಬೆಂಕಿ ತಾಗಿದ ಹಾಗೆ ಕಂದಿತು. ವಸಂತಕ್ಕೆ ಮೊಗ್ಗು ಹಿಡಿದು ನಿಂತಿದ್ದ ಮ್ಯಾಗ್ನೋಲಿಯಗಳು ಒಂದೊಂದಾಗಿ ಒಣಗಿದವು. ಒಂದೇ ಒಂದು ಹಳೆಯ ಮರ, ಹೇಗೋ ಏನೋ, ಉಳಿದುಕೊಂಡಿತು.

ಹೆಡ್ಲಿ ಆಗ ಹೂವಿನ ಕೆಲಸದವನು. ಬಿದ್ದ ಪೈನ್ ಬೊಡ್ಡೆಯ ಮೇಲೆ ಕೂತು ಮಧ್ಯಾಹ್ನದ ಬುತ್ತಿ ತಿಂದ. ತಿಂದು ಕೈ ಒರೆಸಿಕೊಂಡು, "ಇನ್ಮೇಲೆ ನಂಗೆ ಹೂ ಬೇಡ, ಇದನ್ನ ನೋಡ್ಕೋತೀನಿ," ಎಂದ. ಅಷ್ಟೇ, ಬೇರೆ ಭಾಷಣವೇನೂ ಇರಲಿಲ್ಲ.

ಗೇಣುದ್ದದ ಪೈನ್ ಸಸಿಗಳು ಬಂದವು. ನೆಡಲು ಊರಿಗೆ ಊರೇ ನೆರೆಯಿತು. ಅಪ್ಪ ಗುದ್ದಲಿಯಿಂದ ಸೀಳು ತೆಗೆಯುವುದು, ಕೆರೆನ್ಸ ಸಸಿ ಇಳಿಸಿ ನೆಟ್ಟಗೆ ಹಿಡಿಯುವುದು, ಅಪ್ಪ ಹಿಮ್ಮಡಿಯಿಂದ ಮಣ್ಣು ತುಳಿಯುವುದು.

"ಇಷ್ಟು ಒತ್ತಾಗಿ ಯಾಕಪ್ಪ?"

"ಚಿಕ್ಕವಿದ್ದಾಗ ಒಂದಕ್ಕೊಂದು ಆಸರೆ ಬೇಕು. ದೊಡ್ಡವಾದ್ಮೇಲೆ ಮೂರರಲ್ಲಿ ಒಂದು ಕಡೀಬೇಕು. ಇಲ್ದಿದ್ರೆ ಬೇರಿಗೆ ಜಾಗ ಸಾಲ್ದೆ ಎಲ್ಲ ಒಟ್ಟಿಗೆ ಬೀಳ್ತಾವೆ."

ಗೊತ್ತಿತ್ತು ಅವನಿಗೆ. ಆದರೆ ಕಡಿಯುವ ಕಾಲ ಬಂದಾಗ ಕೈ ಬರಲಿಲ್ಲ. ಮುಂದಿನ ವರ್ಷ ನೋಡೋಣ ಎಂದ. ಪ್ರತಿ ವರ್ಷವೂ ಅದನ್ನೇ ಅಂದ. ಒಂದು ಗಾಳಿತಡೆ ಪೂರ್ತಿ ಮಲಗಿದ್ದನ್ನು ನೋಡಿದವನಿಗೆ ಇನ್ನೊಂದರಲ್ಲಿ ಒಂದು ಮರವನ್ನೂ ತಾನಾಗಿ ಮಲಗಿಸಲು ಆಗಲಿಲ್ಲ. ನಿವೃತ್ತನಾದ, ಮಗಳು ಮುಖ್ಯ ಮಾಲಿಯಾದಳು, ಮರಗಳು ಸೊರಗಿ ಸೊರಗಿ ಎತ್ತರವಾದವು. ಕಳೆದ ಶರತ್ಕಾಲದಲ್ಲಿ ಕೆರೆನ್ಸ ಡಬ್ಬಿ ಹಿಡಿದು ಹೋಗಿ ಕಡಿಯಬೇಕಾದವಕ್ಕೆಲ್ಲ ಕಿತ್ತಳೆ ಬಣ್ಣದ ಬೊಟ್ಟು ಇಟ್ಟು ಬಂದಳು.

ಎರಡು ದಿನ ಬಿಟ್ಟು ಟಿಕೇಟು ಕೊಡುವವಳು ಫೋನು ಮಾಡಿದಳು. "ಕೆರೆನ್ಸ, ಯಾರೋ ಒಬ್ಬ ಮುದುಕ ಮರಗಳಿಗೆ ಹಲ್ಲುಜ್ತಾ ಇದಾನಂತೆ, ನೋಡೋಕ್ಕೆ ಬಂದೋರು ಕಂಪ್ಲೇಂಟ್ ಮಾಡ್ತಿದಾರೆ."

ತಂತಿಯ ಬ್ರಷ್ಷು, ಸೀಮೆಎಣ್ಣೆಯ ಡಬ್ಬಿ, ಬೊಟ್ಟು ಉಜ್ಜಿ ಅಳಿಸುತ್ತಿದ್ದ ಹೆಡ್ಲಿ. ಅಂದು ರಾತ್ರಿ ಊಟದ ಮೇಜಿನಲ್ಲಿ ಅವಳು ಕೂಗಾಡಿದಳು. ನಿನ್ನ ಹಠಕ್ಕೆ ಒಂದಿನ ಯಾರಾದ್ರೂ ಸಾಯ್ತಾರೆ, ಎಂದಳು. ಅವನು ಚಹ ಮುಗಿಸಿ ಎದ್ದು ಹೋದ. ಆಮೇಲೆ ಅಪ್ಪ ಮಗಳು ಮಳೆಯ ಬಗ್ಗೆ ಮಾತಾಡಿದರು, ಅಮ್ಮನ ಮಂಡಿನೋವಿನ ಬಗ್ಗೆ ಮಾತಾಡಿದರು, ಪೈನ್ ಬಗ್ಗೆ ಮಾತ್ರ ಇಬ್ಬರೂ ತುಟಿ ಬಿಚ್ಚಲಿಲ್ಲ. ಮಾರ್ಚಿನ ಮೊದಲಲ್ಲಿ ಒಂದು ಮಧ್ಯಾಹ್ನ ಹೆಡ್ಲಿ ಕುರ್ಚಿಯಲ್ಲಿ ಕೂತು ಒಂದು ಬೂಟು ಬಿಚ್ಚಿ, ಇನ್ನೊಂದನ್ನು ಬಿಚ್ಚುವ ಮೊದಲೇ ಹೋಗಿಬಿಟ್ಟ.

*

ಗಾಳಿತಡೆಯೊಳಗೆ ನಿಂತರೆ ಕಿವಿ ಕಿವುಡಾಗುವಷ್ಟು ಸದ್ದು. ಕೆರೆನ್ಸ ಮೇಲೆ ನೋಡಲಿಲ್ಲ. ಮೇಲೆ ಎಲ್ಲ ಮರಗಳೂ ತೂಗುತ್ತವೆ, ಅದರಿಂದ ಏನೂ ತಿಳಿಯುವುದಿಲ್ಲ, ನೋಡಬೇಕಾದ್ದು ಬುಡ. ಮಂಡಿಯೂರಿ ಬೇರಿನ ಪಕ್ಕದ ಮಣ್ಣಿಗೆ ಅಂಗೈ ಒತ್ತಿ ಹಿಡಿಯುತ್ತ ಮರದಿಂದ ಮರಕ್ಕೆ ಹೋದಳು.

ನಾಲ್ಕಾರು ಮರ ದಾಟಿದ ಮೇಲೆ ಒಂದು ಕಿತ್ತಳೆ ಬೊಟ್ಟು ಕಂಡಿತು. ತಾನಿಟ್ಟದ್ದೇ, ಹಾಗೇ ಇತ್ತು. ಪಾಪ, ಮುದುಕನ ಕೈ ಸೋತು ಬಿಟ್ಟಿರಬೇಕು ಎಂದುಕೊಂಡಳು. ಆದರೆ ಅದರಾಚೆಯ ಎರಡನ್ನು ಉಜ್ಜಿದ್ದ. ಮತ್ತೆ ಇನ್ನೊಂದು ಬೊಟ್ಟು ಉಳಿದಿತ್ತು. ಕೆರೆನ್ಸ ಎದ್ದು ನಿಂತು ಸುತ್ತ ನೋಡಿದಳು. ಅಲ್ಲೊಂದು, ಇಲ್ಲೊಂದು. ಅವನು ಪ್ರತಿ ಮರದ ಮುಂದೂ ನಿಂತಿದ್ದ. ಕೆಲವನ್ನು ಉಜ್ಜಿದ್ದ, ಕೆಲವನ್ನು ಬಿಟ್ಟಿದ್ದ. ಒಂದರಲ್ಲಿ ಬೊಟ್ಟು ಅರ್ಧ ಮಾತ್ರ ಅಳಿಸಿತ್ತು. ಉಜ್ಜಲು ಶುರು ಮಾಡಿ, ಯೋಚಿಸಿ, ಕೈ ಹಿಂದಕ್ಕೆ ತೆಗೆದಿದ್ದ.

ಆ ಮರದ ಬುಡಕ್ಕೆ ಅವಳು ಕೈಯಿಟ್ಟಳು. ಮಣ್ಣು ಏಳುತ್ತಿತ್ತು, ಇಳಿಯುತ್ತಿತ್ತು, ಮಲಗಿದವರ ಎದೆಯ ಹಾಗೆ.

ಹಾಗಾದರೆ ಅಪ್ಪ ಒಪ್ಪಿದ್ದ. ಮೂರು ದಶಕದಲ್ಲಿ ಒಂದನ್ನೂ ಬಿಟ್ಟುಕೊಡದವನು ಅವತ್ತು ಇವಿಷ್ಟನ್ನು ಬಿಟ್ಟುಕೊಟ್ಟು ಮನೆಗೆ ಬಂದಿದ್ದ. ಬಂದವನಿಗೆ ಒಂದು ಮಾತಾಡಲೂ ಬಿಡದೆ ಅವಳು ಕೂಗಾಡಿದ್ದಳು. ಅವನೂ ಅಷ್ಟೇ, ಹೀಗೆ ಅಂತ ಬಾಯಿಬಿಟ್ಟು ಹೇಳಿದರೆ ಗಂಟೇನು ಹೋಗುತ್ತಿತ್ತು. ಕೆರೆನ್ಸ ಆ ಸದ್ದಿನಲ್ಲಿ ಗಟ್ಟಿಯಾಗಿ ಅತ್ತಳು. ಅಲ್ಲಿ ಕೇಳುವವರು ಯಾರೂ ಇರಲಿಲ್ಲ.

ಆಮೇಲೆ ಮೂಗು ಒರೆಸಿಕೊಂಡು ಕೆಲಸ ಮುಂದುವರಿಸಿದಳು. ಅವನು ಉಜ್ಜಿದವುಗಳಲ್ಲಿ ಹೆಚ್ಚಿನವು ಬಂಡೆಯ ಹಾಗೆ ನಿಂತಿದ್ದವು. ಅವನ್ನು ತಾನು ತಪ್ಪು ನೋಡಿದ್ದಳು. ಪಡುವಣ ತುದಿಯಲ್ಲಿ ಮಾತ್ರ ಅವನು ಲಕಲಕ ಉಜ್ಜಿದ್ದ ಒಂದು ಮರದ ಬುಡದಲ್ಲಿ ಬಿರುಕೇ ಬಿಟ್ಟಿತ್ತು. "ಇದನ್ನ ನೀನು ತಪ್ಪು ನೋಡಿದೀಯಪ್ಪ," ಎಂದು ಅವನಿಗೆ ಹೇಳಿದಳು. ಅದೂ ಬೊಟ್ಟು ಉಳಿದವೂ ಬಿದ್ದರೆ ಎಲ್ಲಿಯವರೆಗೆ ಬರುತ್ತವೆಂದು ಹೆಜ್ಜೆ ಹಾಕಿ ಅಳೆದಳು. ತೋಟದ ದೊಡ್ಡ ದಾರಿಯ ಮೇಲೆ ಬರುತ್ತಿದ್ದವು, ತೊರೆಯ ಪಕ್ಕದ ಕಾಲುದಾರಿಗೆ ಮುಟ್ಟುತ್ತಿರಲಿಲ್ಲ. ಕೆಳಗಿನ ಗೇಟಿನ ಸುತ್ತಲಿನವು ಒಂದೂ ಅಲುಗುತ್ತಿರಲಿಲ್ಲ.

*

ಮನೆಯಲ್ಲಿ ಕೇಸರಿ ಹಾಕಿದ ಬನ್ನು, ಚಹ ನಡೆದಿತ್ತು. ಪೆಟ್ಟಿಗೆ ಕಿಟಕಿಯ ಕೆಳಗೆ. ಹೊರಬೇಕಾದ ಆರು ಮಂದಿಯಲ್ಲಿ ಒಬ್ಬ ಹೆಡ್ಲಿಯ ತಮ್ಮ ಸಿರಿಲ್, ಉಳಿದವರು ತೋಟದ ಕೆಲಸದವರು.

"ಒಂದು ಸಲ ಲಂಡನ್ನಿನ ಹೆಂಗಸೊಬ್ಳು ಬಂದು, ಇದ್ಯಾವ ಹೂ ಅಂತ ಕೇಳಿದ್ಲು," ಎನ್ನುತ್ತಿದ್ದ ಮಾಲಿ ಜೋವನ್, ಬಾಯಲ್ಲಿ ಬನ್ನು ಇಟ್ಟುಕೊಂಡೇ. "ಹೆಡ್ಲಿಯಣ್ಣ ತಿರುಗೂ ನೋಡ್ಲಿಲ್ಲ. ನಂಗೆ ಗೊತ್ತಿಲ್ಲ ತಾಯಿ, ನಾನು ಪೈನಿನೋನು ಅಂದ."

"ಮದುವೇಲೂ ನನ್ನ ಕೈಲಿದ್ದ ಹೂವಿನ ಕಡೆ ನೋಡ್ಲಿಲ್ಲ," ಎಂದಳು ಲವ್‌ಡೇ.

"ನಿನ್ನನ್ನ ನೋಡ್ತಿದ್ದ ಅತ್ತಿಗೆ," ಎಂದ ಸಿರಿಲ್.

"ಇಲ್ಲ ಕಣೋ, ಆಕಾಶ ನೋಡ್ತಿದ್ದ. ಮೋಡ ಆಗಿತ್ತು."

ಎಲ್ಲರೂ ನಕ್ಕರು. ಬಾಗಿಲಲ್ಲಿ ಕೆರೆನ್ಸ ನಿಂತಿದ್ದಳು, ಮಂಡಿಯವರೆಗೆ ಮಣ್ಣು. ನಗು ನಿಂತಿತು. ಅವಳು ತಾಯಿಯನ್ನೇ ನೋಡಿ ಮಾತಾಡಿದಳು.

"ತೊರೆ ಪಕ್ಕದ ದಾರೀಲಿ ಹೋಗೋಣ. ದೊಡ್ಡ ದಾರಿ ಬೇಡ. ನಾನು ಮುಂದೆ ಇರ್ತೀನಿ, ನಿಲ್ಲಿ ಅಂದ್ರೆ ನಿಲ್ಬೇಕು, ವಾಪಸ್ ಅಂದ್ರೆ ವಾಪಸ್." ಉಸಿರು ತೆಗೆದುಕೊಂಡಳು. "ಅಪ್ಪ ಕೆಲವು ಬೊಟ್ಟು ಹಾಗೇ ಬಿಟ್ಟಿದಾನಮ್ಮ. ನಿಂಗೆ ಗೊತ್ತಿತ್ತಾ?"

"ಏನೋ ಒಂದು ಮಾಡಿದೀನಿ, ಅವಳೇ ಹೋಗಿ ನೋಡ್ಲಿ ಅಂದಿದ್ದ," ಎಂದಳು ಲವ್‌ಡೇ. "ಏನು ಅಂತ ನಂಗೂ ಹೇಳ್ಲಿಲ್ಲ."

"ಬರೋ ಚಳಿಗಾಲಕ್ಕೆ ಅವನ್ನ ಕಡಿಸ್ತೀನಿ. ಅವನು ಉಜ್ಜಿ ಹಾಕಿರೋದ್ರಲ್ಲೂ ಒಂದನ್ನ ಕಡಿಸ್ತೀನಿ, ಬುಡ ಬಿರುಕು ಬಿಟ್ಟಿದೆ."

"ಕಡಿಸು. ನೀನಲ್ವ ಈಗ ನೋಡ್ಕೊಳೋಳು."

ಪಟ್ಟಣದಿಂದ ಬಂದಿದ್ದ ಹೋಸ್ಕಿನ್, ಅಂತ್ಯಕ್ರಿಯೆಯ ವ್ಯವಸ್ಥೆಯವನು, ಕಾರಿನ ಬಾಗಿಲು ತೆರೆದಿಟ್ಟಿದ್ದವನು ಮುಚ್ಚಿದ. ಎತ್ತರದ ಕರಿ ಹ್ಯಾಟನ್ನು ಎರಡೂ ಕೈಯಲ್ಲಿ ತಲೆಗೆ ಒತ್ತಿಕೊಂಡು, ಈ ತೋಟದವರಿಗೆ ತಲೆ ಕೆಟ್ಟಿದೆ ಎನ್ನುವ ಮುಖ ಮಾಡಿಕೊಂಡು ಮೆರವಣಿಗೆಯ ಹಿಂದೆ ಸೇರಿದ.

ಮೇಲಿನ ಗೇಟಿನಲ್ಲಿ ಗಾಳಿ ಎಲ್ಲರನ್ನೂ ಹಿಡಿದು ಅಲ್ಲಾಡಿಸಿತು. ಮೊದಲ ತಿರುವು ಇಳಿದರು. ಎರಡನೆಯದನ್ನು ಇಳಿಯುವಷ್ಟರಲ್ಲಿ ಏನೋ ವ್ಯತ್ಯಾಸವಾಯಿತು, ಏನೆಂದು ಯಾರಿಗೂ ಒಮ್ಮೆಗೇ ಹೊಳೆಯಲಿಲ್ಲ. ಗಾಳಿ ಇರಲಿಲ್ಲ. ಇರಲಿಲ್ಲವೆಂದರೆ ತಪ್ಪು. ತಲೆಯ ಮೇಲೆ, ಬಹಳ ಮೇಲೆ, ಅದು ಸೇತುವೆಯ ಮೇಲಿನ ಗೂಡ್ಸ್ ರೈಲಿನ ಹಾಗೆ ಹೋಗುತ್ತಲೇ ಇತ್ತು. ಮೋಡಗಳು ಓಡುತ್ತಿದ್ದವು. ಕಣಿವೆಯ ಬಾಯಲ್ಲಿ ಪೈನ್‌ಗಳ ತುದಿ ಬಾಗಿ ಬಾಗಿ ಏಳುತ್ತಿದ್ದವು. ಇಲ್ಲಿ ತೊರೆಯ ಪಕ್ಕದಲ್ಲಿ ಹುಲ್ಲಿನ ಎಸಳೂ ಮಿಸುಕುತ್ತಿರಲಿಲ್ಲ. ಹಳದಿ ಡ್ಯಾಫೊಡಿಲ್‌ಗಳು ಇಳಿಜಾರಿನ ಉದ್ದಕ್ಕೂ ತಲೆ ಬಾಗಿಸಿ ಸುಮ್ಮನೆ ನಿಂತಿದ್ದವು. ಜೇನ್ನೊಣಗಳ ಸದ್ದು ಕೇಳುತ್ತಿತ್ತು.

ಮತ್ತೆ ಆ ಮರ. ಆ ಗಾಳಿಗೂ ಉಳಿದಿದ್ದ ಹಳೆಯ ಮ್ಯಾಗ್ನೋಲಿಯ, ಎಲೆಯೇ ಇಲ್ಲದ ಬರಿಯ ಕೊಂಬೆಗಳ ತುಂಬ ಊಟದ ತಟ್ಟೆಯಗಲ ಗುಲಾಬಿ ಹೂ ಹೊತ್ತು ನಿಂತಿತ್ತು. ಅದರ ಹಿಂದೆ ಅದರ ಬೀಜದಿಂದ ಎದ್ದ ಮರಗಳು, ಅವುಗಳ ಹಿಂದೆ ಇನ್ನೂ ಕೆಲವು. ಇಡೀ ಇಳಿಜಾರು ಗುಲಾಬಿಯಾಗಿತ್ತು. ಇವರೆಲ್ಲ ಇದರಡಿ ಪ್ರತಿ ವಸಂತವೂ ಕೆಲಸ ಮಾಡಿದವರೇ. ಆದರೆ ಇಂಥ ಗಾಳಿಯ ದಿನ ತೋಟ ಮುಚ್ಚಿರುತ್ತದೆ, ಯಾರೂ ಒಳಗೆ ಇರುವುದಿಲ್ಲ. ಹೊರಗೆ ಲೋಕ ಕಿತ್ತು ಹೋಗುತ್ತಿರುವಾಗ ಒಳಗೆ ಹೇಗಿರುತ್ತದೆಂದು ಅವರಲ್ಲಿ ಒಬ್ಬರೂ ನೋಡಿರಲಿಲ್ಲ.

ಕೆರೆನ್ಸ ನಿಲ್ಲಿ ಎನ್ನಲಿಲ್ಲ, ಅವರಾಗಿಯೇ ನಿಂತರು. ಮೇಲಿಂದ ಒಂದು ಎಸಳು ಕಳಚಿತು. ತೂಗದೆ, ತಿರುಗದೆ, ನೂಲು ಬಿಟ್ಟ ಹಾಗೆ ನೇರ ಕೆಳಗಿಳಿದು ಪೆಟ್ಟಿಗೆಯ ಮೇಲೆ ಕೂತಿತು. ಆಮೇಲೆ ಇನ್ನೊಂದು, ಮತ್ತೊಂದು. ಹೋಸ್ಕಿನ್ ಹ್ಯಾಟಿನಿಂದ ಒಂದು ಕೈ ತೆಗೆದ. ಸ್ವಲ್ಪ ಹೊತ್ತಿಗೆ ಇನ್ನೊಂದನ್ನೂ ತೆಗೆದ.

"ದೇವರೇ," ಎಂದ ಸಿರಿಲ್, ಪಿಸುದನಿಯಲ್ಲಿ. "ಇದನ್ನೇನೋ ನೀನು ಮಾಡಿಟ್ಟಿದ್ದು, ಹೆಡ್ಲಿ."

ಕೆರೆನ್ಸ ಪೈನ್‌ಗಳ ಕಡೆ ತಿರುಗಿ ನೋಡಿದಳು. ಅವನೂ ಇದನ್ನು ನೋಡಿರಲಾರ. ಇಂಥ ದಿನಗಳಲ್ಲಿ ಅವನು ಯಾವಾಗಲೂ ಆ ತುದಿಯಲ್ಲಿ, ಮರಗಳ ಬುಡದಲ್ಲಿ ಇರುತ್ತಿದ್ದ.

ಬಹಳ ಹೊತ್ತಿನ ಮೇಲೆ ಲವ್‌ಡೇಯೇ ನಡೆಯಿರಿ ಎಂದು ಕೈ ಮಾಡಿದಳು. ಕೆಳಗಿನ ಗೇಟಿಗೆ ಹೋಗುವ ದಾರಿ ಗಾಳಿತಡೆಯೊಳಗೆ ನೇರ ಹೋಗುವುದಿಲ್ಲ, ಗಾಳಿ ದಾರಿ ಹಿಡಿದು ಒಳಗೆ ಬಾರದಿರಲೆಂದು ಹೆಡ್ಲಿ ಅದನ್ನು ನಡುವೆ ಸೊಟ್ಟ ಮಾಡಿದ್ದ. ಆ ಸೊಟ್ಟಿನಲ್ಲಿ ಉದ್ದನೆಯ ಪೆಟ್ಟಿಗೆ ತಿರುಗಿಸುವಾಗ ಆರು ಜನಕ್ಕೂ ಬೆವರು ಕಿತ್ತಿತು.

"ಹೋಗುವಾಗ್ಲೂ ಗೋಳು ಹೊಯ್ಕೊಂಡೇ ಹೋಗ್ತಾನೆ," ಎಂದ ಹಿಂದಿನಿಂದ ಜೋವನ್.

"ಎಡಕ್ಕೆ, ಸ್ವಲ್ಪ ಎಡಕ್ಕೆ," ಎಂದಳು ಕೆರೆನ್ಸ. ಪೆಟ್ಟಿಗೆ ತಿರುಗಿತು. ಅವಳು ಗೇಟು ತೆರೆದು ಒತ್ತಿ ಹಿಡಿದಳು. ಮುಂದಿನ ಇಬ್ಬರು ಹೊರಗೆ ಕಾಲಿಟ್ಟರು.

"ಅಲ್ಲೇ ನಿಲ್ಲಿ," ಎಂದಳು ಲವ್‌ಡೇ.

ನಿಂತರು. ಮುಂದೆ ಸಿರಿಲ್‌ನ ಕೋಟು ಹಿಂದಕ್ಕೆ ಹಾರಿ ಪಟಪಟ ಬಡಿದುಕೊಳ್ಳುತ್ತಿತ್ತು, ಕೂದಲು ಮುಖದ ತುಂಬ ಚದುರಿತ್ತು. ಹಿಂದೆ ಜೋವನ್‌ನ ಕೋಟಿನ ಅಂಚು ಕೂಡ ಅಲುಗುತ್ತಿರಲಿಲ್ಲ. ಪೆಟ್ಟಿಗೆಯ ಮುಂದಿನ ಅರ್ಧದ ಮೇಲಿದ್ದ ಎಸಳುಗಳನ್ನು ಗಾಳಿ ಒಂದೇ ಸಲಕ್ಕೆ ಬಾಚಿ ಎತ್ತಿ, ಪೈನ್‌ಗಳ ತಲೆಯ ಮೇಲಿಂದ ತೋಟದ ಕಡೆಗೆ ಎಸೆಯಿತು. ಹಿಂದಿನ ಅರ್ಧದ ಮೇಲಿನವು ಬಿದ್ದಲ್ಲೇ ಬಿದ್ದಿದ್ದವು.