ಚಿನ್ನಕ್ಕನ ಗುಂಡಿ

ಮೊಣಕಾಲುದ್ದ ಅಗೆದಿದ್ದ ಗುಂಡಿಯಿಂದ ಶಿವಣ್ಣ ಮೇಲೆ ಬಂದು ಬಂಡೆಯ ಮೇಲೆ ಕೂತುಬಿಟ್ಟ. ಸತ್ತವಳಿಗೆ ಅವನು ಮೈದುನ. ಜೊತೆಗೆ ಅಗೆಯುತ್ತಿದ್ದ ಇಬ್ಬರೂ ಅವನ ಹಿಂದೆಯೇ ಹತ್ತಿ ಬಂದರು.

"ಬರೀ ಕಲ್ಲೈತೆ. ಗಂಟ್ಲಿಗೆ ಒಂದೀಟು ಬೀಳ್ದೆ ಕೈ ಏಳಲ್ಲ. ಗುಂಡಿ ತೆಗ್ಯೋರಿಗೆ ಯಾವ ಸಾವಲ್ಲಿ ಕೊಡಲ್ಲ ಹೇಳು."

"ಎಣ್ಣೆ ಬ್ಯಾಡ ಅಂದಿದ್ದಕ್ಕೇ ನಮ್ಮವ್ವನ ತಲೆ ಒಡೆದ್ರು, ಚಿಗಪ್ಪ," ಅಂದಳು ಆಶಾ. "ಅವ್ಳನ್ನ ಮಣ್ಣು ಮಾಡಾಕೂ ಎಣ್ಣೆನೇ ಬೇಕಾ?"

ಶಿವಣ್ಣ ಬೈಕು ಹತ್ತಿ ಪಕ್ಕದೂರು ತಳಕಿನ ಕಡೆ ಹೋದ.

ಚಳ್ಳಕೆರೆ ಆಸ್ಪತ್ರೆಯಲ್ಲಿ ಕೊಯ್ದು ಹೊಲಿದು ಕೊಟ್ಟಿದ್ದ ಚಿನ್ನಕ್ಕನ ಹೆಣ ಬೇವಿನ ನೆರಳಲ್ಲಿತ್ತು. ಗಂಡ ಗಾದ್ರಪ್ಪ ಅದರ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತಿದ್ದ. ಮಗಳು ಅವನೊಂದಿಗೆ ಮಾತು ಬಿಟ್ಟು ಐದು ವರ್ಷವಾಗಿತ್ತು.

*

ಆ ವರ್ಷ ಗಾದ್ರಪ್ಪ ಕುಡಿದು ಬಂದು ಒದ್ದು, ಹೆಂಡತಿಯ ಎರಡು ಪಕ್ಕೆಲುಬು ಮುರಿದಿದ್ದ. ಎದ್ದು ಓಡಾಡುವಂತಾದ ಮೇಲೆ ಚಿನ್ನಕ್ಕ ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಹೋಗಿ ತಿಪ್ಪೇರುದ್ರನ ಅಂಗಡಿಯ ಸಾರಾಯಿ ಪಾಕೀಟುಗಳನ್ನು ಬೀದಿಗೆ ಸುರಿದು ಬೆಂಕಿ ಹಚ್ಚಿದಳು. ಊರಲ್ಲಿ ಮಾರುವಂತಿಲ್ಲ, ಕುಡಿದು ಬಂದವನನ್ನು ಕಂಬಕ್ಕೆ ಕಟ್ಟುವುದು ಎಂದು ತೀರ್ಮಾನವಾಯಿತು. ಮೊದಲು ಕಟ್ಟಿದ್ದು ಗಾದ್ರಪ್ಪನನ್ನೇ. ಪೊರಕೆ ಮುರಿಯುವವರೆಗೂ ಚಿನ್ನಕ್ಕ ಹೊಡೆದಳು. ಆಮೇಲೆ ನಾಲ್ಕು ದಿನ ಅವನು ನಡುಗುತ್ತ, ಕಾರಿಕೊಳ್ಳುತ್ತ ಬಿದ್ದಿದ್ದಾಗ ಗಂಜಿ ಕುಡಿಸಿದವಳೂ ಅವಳೇ. ಅವನು ಮತ್ತೆ ಸಾರಾಯಿ ಮುಟ್ಟಲಿಲ್ಲ.

ಮೊನ್ನೆ ತಿಪ್ಪೇರುದ್ರ ಕದ್ದು ಮಾರುತ್ತಿದ್ದಾನೆಂದು ಕೇಳಿ ಅವಳು ಒಬ್ಬಳೇ ಹೋದಳು. ಅವನು ತೂಕದ ಕಲ್ಲಿನಿಂದ ಎರಡು ಸಲ ಹೊಡೆದ. ಈಗ ಪೊಲೀಸರ ವಶದಲ್ಲಿದ್ದ.

*

ಶಿವಣ್ಣ ಬಂದವನೇ ಚೀಲದಿಂದ ಪಾಕೀಟು ತೆಗೆದು ಹಂಚತೊಡಗಿದ. ಆಶಾ ಕಿತ್ತುಕೊಳ್ಳಲು ಹೋದಳು. ಅವನು ತಳ್ಳಿದ ರಭಸಕ್ಕೆ ಅವಳ ಹಣೆ ಬಂಡೆಗೆ ಬಡಿಯಿತು.

ಗಾದ್ರಪ್ಪ ಎದ್ದು ಬಂದ. ಒಡೆದ ಪಾಕೀಟಿನ ವಾಸನೆಗೆ ಬಾಯಲ್ಲಿ ನೀರೂರಿತು, ಉಗುಳಿದ. ತಮ್ಮನ ಅಂಗಿ ಹಿಡಿದು ಮುಖಕ್ಕೆ ಗುದ್ದಿದ. ಬಿದ್ದ ಮೇಲೂ ಎದೆಯ ಮೇಲೆ ಕೂತು ಗುದ್ದುತ್ತಲೇ ಇದ್ದ. ಒಂದು ಹಲ್ಲು ಕಳಚಿ ಮಣ್ಣಿಗೆ ಬಿತ್ತು.

"ಬಿಡಣ್ಣ, ಸಾಯ್ತಾನೆ. ಒಂದು ಹೆಣ ಸಾಲ್ದಾ?" ನೆರೆಮನೆಯ ಯರ್ರಮ್ಮ ತೋಳು ಹಿಡಿದು ಎಳೆದಳು.

ಗಂಡಸರು ಶಿವಣ್ಣನನ್ನು ಎತ್ತಿಕೊಂಡು ಹೋದರು. ಯಾರೂ ತಿರುಗಿ ಬರಲಿಲ್ಲ. ಗಾದ್ರಪ್ಪ ಗುಂಡಿಗಿಳಿದ. ಅವನು ಅಗೆದ, ಹೆಂಗಸರು ಪುಟ್ಟಿಯಲ್ಲಿ ಮಣ್ಣು ಹೊತ್ತರು.

ಗುಂಡಿ ಎದೆಯುದ್ದ ಆಗುವಾಗ ಹೊತ್ತು ಮುಳುಗುತ್ತಿತ್ತು. ಅವನ ಅಂಗೈ ಕಿತ್ತುಹೋಗಿ ರಕ್ತ ಬರುತ್ತಿತ್ತು. ಎರಡು ಸಲ ಹತ್ತಲು ಹೋಗಿ ಜಾರಿದ.

"ಕೈ ಕೊಡವ್ವ," ಅಂದ.

ಆಶಾ ಆ ಕೈಯನ್ನೇ ನೋಡುತ್ತ ನಿಂತಳು. ಆಮೇಲೆ ಗುಂಡಿಯ ಪಕ್ಕ ಬಿದ್ದಿದ್ದ ಹಾರೆಯನ್ನು ಎತ್ತಿ ಅದರ ತುದಿಯನ್ನು ಅವನ ಕೈಗೆಟುಕುವಂತೆ ಕೆಳಗಿಳಿಸಿ, ಕಾಲೂರಿ ಹಿಡಿದುಕೊಂಡಳು.