ಸುಮ್ಮನೆ ಹರಿಯುವ ನೀರು

ಮಾಮಸಾಲಿಯ ಕತ್ತೆ ಏರು ಹತ್ತಿ ಬರುವುದು ಕಂಡರೆ ಶಾರ್ಕಾನ್ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಜೂನ್ ತಿಂಗಳಿಂದ ಅದೇ ಅಭ್ಯಾಸವಾಗಿತ್ತು. ಕತ್ತೆಯ ಎರಡೂ ಪಕ್ಕೆಗೆ ನೀರಿನ ಕ್ಯಾನುಗಳು, ಹಿಂದೆ ಮೊಣಕಾಲಿಗೆ ಕೈಯೂರಿ ಹತ್ತುವ ಮಾಮಸಾಲಿ. ದಾರಿಯಲ್ಲಿ ಎಷ್ಟು ಮನೆಗಳಿದ್ದರೂ ಅವನು ಮೊದಲು ಅವಳ ಅಂಗಳಕ್ಕೇ ಬರುತ್ತಿದ್ದ. ಗಂಡ ಸತ್ತವಳು, ಹೊಳೆಗೆ ಇಳಿದು ಹತ್ತಲು ಮನೆಯಲ್ಲಿ ಬೇರೆ ಯಾರೂ ಇಲ್ಲ ಎಂದು ಅವಳ ಕುರಿಗಳಿಗೆ ಮೊದಲ ಪಾಲು. ತೊಟ್ಟಿಗೆ ಸುರಿದು, "ಅಕ್ಕಾ, ಹಾಕಿದೀನಿ" ಎಂದು ಮುಚ್ಚಿದ ಬಾಗಿಲಿಗೆ ಹೇಳಿ ಹೊರಡುತ್ತಿದ್ದ. ಅವಳು ಕತ್ತಲಲ್ಲಿ ನಿಂತು ಕುರಿಗಳು ನೀರು ಹೀರುವ ಸದ್ದು ಕೇಳುತ್ತಿದ್ದಳು.

ಊರು ಅವನಿಗೆ ಹಾಕಿದ ದಂಡ ಅದು. ಹಿಮದ ಗುಡ್ಡ ಕೆಡಿಸಿದವನು ಬೇಸಿಗೆಯಿಡೀ ಹೊಳೆಯಿಂದ ನೀರು ಹೊರಲಿ ಎಂದು ಹಿರಿಯರು ತೀರ್ಮಾನ ಮಾಡಿದ್ದರು. ಗುಡ್ಡ ಕೆಡಿಸಿದವಳು ಶಾರ್ಕಾನ್.

ಊರಿಗೆ ಆ ಗುಡ್ಡ ಹೊಸದು. ಚಳಿಗಾಲದಲ್ಲಿ ಯಾರಿಗೂ ಬೇಡದ ಮೇಲಿನ ಒರತೆಯ ನೀರನ್ನು ಕೊಳವೆಯಲ್ಲಿ ಇಳಿಸಿ, ಕೆಳಗೆ ನೆಟ್ಟ ಕಂಬದ ತುದಿಯಿಂದ ಚಿಮ್ಮಿಸುತ್ತಿದ್ದರು. ಚಿಮ್ಮಿದ್ದು ನೆಲಕ್ಕೆ ಬೀಳುವಷ್ಟರಲ್ಲಿ ಹೆಪ್ಪುಗಟ್ಟಿ, ಪದರದ ಮೇಲೆ ಪದರ ಕೂತು, ಚಳಿ ಮುಗಿಯುವ ಹೊತ್ತಿಗೆ ಮನೆಗಿಂತ ಎತ್ತರವಾಗುತ್ತಿತ್ತು. ಹಿಂದಿನ ವರ್ಷ ಅದು ನಿಧಾನಕ್ಕೆ ಕರಗುತ್ತ ಆಗಸ್ಟ್‌ವರೆಗೂ ಊರಿನ ಕುರಿಗಳಿಗೆಲ್ಲ ಕುಡಿಸಿತ್ತು. ನಿಯಮ ಒಂದೇ. ಚಳಿಯಲ್ಲಿ ಕಂಬದ ಬುಡದ ನಲ್ಲಿ ಮುಚ್ಚಬಾರದು. ನೀರು ನಿಂತರೆ ಕೊಳವೆಯೊಳಗೇ ಗಟ್ಟಿಯಾಗಿ ಕೊಳವೆ ಸೀಳುತ್ತದೆ. ನೋಡಿಕೊಳ್ಳುವ ಕೆಲಸ ಮಾಮಸಾಲಿಯದು.

ಈ ಯೋಚನೆ ಊರ ಸಭೆಗೆ ಬಂದ ದಿನವೇ ಶಾರ್ಕಾನ್ ನಕ್ಕಿದ್ದಳು. "ಚಳಿಗೆ ನೀರು ಕುಡಿಸ್ತೀರೇನ್ರೋ? ಒಂದು ಸೌಟು ಚೆಲ್ಲಿದ್ರೆ ನಮ್ಮಮ್ಮ ಅದೇ ಸೌಟಲ್ಲಿ ಬಾರಿಸ್ತಿದ್ಲು." ಮಾತು ಎಲ್ಲರಿಗೂ ನೆನಪಿತ್ತು.

ಜನವರಿಯಲ್ಲಿ ಅದೇ ಊರಿನ ಎರ್ಗೆಶ್‌ನ ಮಗನ ಮದುವೆ. ಹಿಟ್ಟಿನ ತುಂಡು ಕರಿದು ಮಾಡಿದ ಬೋರ್ಸೊಕ್‌ಗಳ ತಟ್ಟೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅವಳು ಗುಡ್ಡದ ಪಕ್ಕದಿಂದಲೇ ಹೋದಳು. ಅಲ್ಲಿ ಯಾರೂ ಇರಲಿಲ್ಲ. ಗಾಳಿ ತಿರುಗಿ, ಚಿಮ್ಮಿದ ನೀರು ಗುಡ್ಡದ ಮೇಲೆ ಬೀಳುವ ಬದಲು ದಾರಿಗೆ ಬೀಳುತ್ತಿತ್ತು. ಒಳ್ಳೆಯ ನೀರು, ಸುಮ್ಮನೆ ಹರಿಯುತ್ತಿತ್ತು. ಅವಳು ಯೋಚನೆ ಮಾಡಲಿಲ್ಲ. ತಟ್ಟೆ ಕೆಳಗಿಟ್ಟಳು, ನಲ್ಲಿ ತಿರುಗಿಸಿದಳು, ಪೂರ್ತಿ ನಿಂತಿತೇ ಎಂದು ನೋಡಿದಳು. ಒಂದು ಒಳ್ಳೆಯ ಕೆಲಸ ಮಾಡಿದೆ ಎಂದೇ ಅನ್ನಿಸಿತು. ಮದುವೆಯಲ್ಲಿ ಮಾಮಸಾಲಿ ವೋಡ್ಕಾ ಹಿಡಿದು ಹಾಡುತ್ತಿದ್ದ. ಹೇಳಬೇಕು ಅಂದುಕೊಂಡಳು. ಅಷ್ಟರಲ್ಲಿ ಪಲಾವು ಬಂತು, ನೆಂಟರು ಬಂದರು, ಮರೆತಳು.

ಬೆಳಿಗ್ಗೆ ಕೊಳವೆ ಉದ್ದಕ್ಕೂ ಬಿರಿದಿತ್ತು. ಬಟ್ಕೆನ್ ಪೇಟೆಯಿಂದ ಹೊಸದು ಬರುವಷ್ಟರಲ್ಲಿ ಚಳಿಯೇ ಮುಗಿಯುತ್ತ ಬಂದಿತ್ತು. ಆ ವರ್ಷದ ಗುಡ್ಡ ಜೂನ್‌ಗೇ ಕೆಸರಾಯಿತು.

"ಕುಡಿದ ಕೈ," ಎಂದ ಎರ್ಗೆಶ್ ಸಭೆಯಲ್ಲಿ. "ಯಾವ ಕಡೆ ತಿರುಗಿಸ್ತು ಅಂತ ಅದಕ್ಕೇನು ಗೊತ್ತು?"

ಎಲ್ಲರೂ ನಕ್ಕರು. ಮಾಮಸಾಲಿ ತಲೆ ತಗ್ಗಿಸಿ ಕೂತಿದ್ದ, ಇಲ್ಲ ಅನ್ನಲಿಲ್ಲ. ಶಾರ್ಕಾನ್ ಬಾಯಿ ತೆರೆದಳು. ಮುಂದಿನ ಮಾತು ಏನೆಂದು ಅವಳಿಗೆ ಗೊತ್ತಿತ್ತು. ಮೊದಲಿಂದಲೂ ಬೇಡ ಅಂತಿದ್ದವಳು, ಬೇಕಂತಲೇ ಮಾಡಿದ್ದಾಳೆ ಅನ್ನುತ್ತಾರೆ. ಬಾಯಿ ಮುಚ್ಚಿದಳು.

ಆಮೇಲೆ ಅವಳಿಗೊಂದು ನೆಪವೂ ಸಿಕ್ಕಿತು. ಮಾಳಿಗೆಯ ಮೇಲೆ ಕೂತು ಜರ್ದಾಳು ಬಿಡಿಸಿ ಒಣಹಾಕುವಾಗ ಮಾಮಸಾಲಿಯ ಹೆಂಡತಿ ಜೂರಾ ಹೇಳಿದಳು: "ನಾನು ಅತ್ತಿದ್ದಕ್ಕೆ ಬಿಡಲಿಲ್ಲ, ತವರಿಗೆ ಹೋಗಿದ್ದಕ್ಕೆ ಬಿಡಲಿಲ್ಲ. ಕೊಳವೆ ಒಡೆದಿದ್ದಕ್ಕೆ ಕುಡಿಯೋದು ಬಿಟ್ಟ ನೋಡು, ಗಂಡಸು. ಕೊಳವೆನೇ ಕಟ್ಕೋಬೇಕಿತ್ತು ಅವನು."

ಶಾರ್ಕಾನ್ ನಕ್ಕಳು. ಹೇಳಿದರೆ ಅವನು ಮತ್ತೆ ಕುಡಿಯುತ್ತಾನೆ ಎಂದು ಅಂದಿನಿಂದ ತನಗೆ ತಾನೇ ಹೇಳಿಕೊಂಡಳು. ಅದನ್ನು ನಂಬುವುದು ಸುಲಭವಾಗಿತ್ತು.

ಆಗಸ್ಟ್‌ನ ಒಂದು ಮಧ್ಯಾಹ್ನ ಅವನು ಬಂದ ಸದ್ದು ಎಂದಿನಂತಿರಲಿಲ್ಲ. ಬಾಗಿಲ ಸಂದಿಯಿಂದ ನೋಡಿದಳು. ಅಂಗಿಯ ತೋಳು ಹರಿದು ಮೊಣಕೈ ರಕ್ತವಾಗಿತ್ತು. ಕತ್ತೆಯ ಒಂದು ಪಕ್ಕೆಯ ಕ್ಯಾನು ಒಡೆದು ಖಾಲಿ. ಉಳಿದ ಒಂದನ್ನು ಅವನು ಪೂರ್ತಿ ಅವಳ ತೊಟ್ಟಿಗೆ ಬಗ್ಗಿಸುತ್ತಿದ್ದ.

ಅವಳು ಬಾಗಿಲು ತೆರೆದಳು. "ಉಳಿದವ್ರಿಗೆ?"

"ಇನ್ನೊಂದ್ಸಲ ಇಳಿತೀನಿ. ಕಲ್ಲು ಜಾರ್ತು."

"ಕೂತ್ಕೋ."

ಬಟ್ಟಲಲ್ಲಿ ಮಜ್ಜಿಗೆ ತಂದುಕೊಟ್ಟಳು. ಅವನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡ.

"ಈ ಮನೇಲಿ ಯಾರೂ ಇಲ್ವೇನೋ ಅನ್ಕೊಂಡಿದ್ದೆ," ಎಂದ. "ಬೈಯೋರಾದ್ರೆ ಬೈದುಬಿಡಕ್ಕ. ಎರ್ಗೆಶ್ ದಿನಾ ಬೈತಾನೆ, ಅಭ್ಯಾಸ ಆಗಿದೆ."

"ನಾನ್ಯಾಕೆ ಬೈಲಿ?"

"ಮೊದಮೊದಲು ನಂಗೇನೂ ನೆನಪಿರ್ಲಿಲ್ಲ. ದಿನಾ ಯೋಚನೆ ಮಾಡ್ದೆ, ಏರು ಹತ್ತುವಾಗೆಲ್ಲ ಅದೇ. ಈಗ ನೆನಪಾಗಿದೆ. ಮದುವೆ ಮನೆಯಿಂದ ಎದ್ದು ಬಂದೆ. ನಲ್ಲಿ ಹಿಡಿ ಕೈಗೆ ಅಂಟ್ಕೊಳೋ ಅಷ್ಟು ತಣ್ಣಗಿತ್ತು. ತಿರುಗಿಸ್ದೆ. ಯಾಕೆ ಅಂತ ಮಾತ್ರ ಗೊತ್ತಿಲ್ಲ."

ಶಾರ್ಕಾನ್ ಅವನ ಕೈ ನೋಡಿದಳು. "ಹಿಡಿ ತಣ್ಣಗಿರ್ಲಿಲ್ಲ. ನೀನೇ ಕಂಬಳಿ ತುಂಡು ಸುತ್ತಿದ್ದೆ ಅದಕ್ಕೆ."

ಅವನು ಬಟ್ಟಲು ಹಿಡಿದ ಬೆರಳು ನೋಡಿಕೊಂಡ. "ಹೌದು. ಸುತ್ತಿದ್ದೆ."

"ತಿರುಗಿಸಿದ್ದು ನಾನು. ಮದುವೆಗೆ ಹೋಗ್ತಾ. ನೀರು ಸುಮ್ನೆ ಹೋಗ್ತಿತ್ತು ಅಂತ."

ಮಾಮಸಾಲಿ ಬಟ್ಟಲನ್ನು ಕಲ್ಲಿನ ಮೇಲಿಟ್ಟ. ಚೆಲ್ಲದ ಹಾಗೆ ಇಟ್ಟ.

"ಯಾವಾಗ ಹೇಳ್ಬೇಕಂತಿದ್ದೆ?"

"ದಿನಾ."

"ದಿನಾ ಬಾಗಿಲು ಹಾಕ್ಕೋತಿದ್ದೆ."

"ಹೂಂ."

"ನನ್ನ ಮಗಳು ನಂಜೊತೆ ದಾರೀಲಿ ನಡೆಯಲ್ಲಕ್ಕ," ಎಂದ. ಬೈಗುಳವಾಗಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವನು ಎದ್ದು ಖಾಲಿ ಕ್ಯಾನನ್ನು ಕತ್ತೆಗೆ ಕಟ್ಟಿದ. "ಇವತ್ತಿಂದು ನಾನು ತರ್ತೀನಿ. ನಾಳೆಯಿಂದ ನೀನು. ಮನೆಗೆ ಬಂದು ಕತ್ತೆ ಹೊಡ್ಕೊಂಡು ಹೋಗು."

ಮರುದಿನ ಬೆಳಿಗ್ಗೆ ಕತ್ತೆಯ ಹಗ್ಗ ಕೈಗಿತ್ತವಳು ಜೂರಾ. ಅವಳಿಗೆ ಗೊತ್ತಾಗಿತ್ತು.

"ಅವನು?" ಎಂದಳು ಶಾರ್ಕಾನ್.

"ಮಲಗಿದಾನೆ. ಕುಡಿದಿಲ್ಲ. ಅದನ್ನೇ ತಾನೆ ಕೇಳೋಕೆ ಬಂದಿದ್ದು?" ಜೂರಾ ಕ್ಯಾನಿನ ಮುಚ್ಚಳ ಬಿಗಿಮಾಡಿದಳು. "ನಿನ್ನೆ ಕುಡಿದಿಲ್ಲ. ನಾಳೆಯದು ನಂಗೊತ್ತಿಲ್ಲ. ಜರ್ದಾಳು ಬಿಡಿಸೋಕೆ ಇನ್ನು ಬರ್ಬೇಡ."

ಹೊಳೆ ಅವಳು ಅಂದುಕೊಂಡಿದ್ದಕ್ಕಿಂತ ದೂರವಿತ್ತು. ತುಂಬಿದ ಕ್ಯಾನನ್ನು ಎತ್ತಿ ಕಟ್ಟುವಷ್ಟರಲ್ಲಿ ಬೆರಳು ಮರಗಟ್ಟಿತು. ಏರಿನಲ್ಲಿ ಎರಡು ಕಡೆ ಕೂತಳು. ಊರು ಬಂದಾಗ ಬಿಸಿಲು ನೆತ್ತಿಗೇರಿತ್ತು. ಬಕೆಟ್ ಹಿಡಿದು ಬಾಗಿಲಲ್ಲಿ ನಿಂತವರು ಕತ್ತೆಯ ಹಿಂದೆ ಅವಳನ್ನು ಕಂಡರು.

"ಮಾಮಸಾಲಿ ಎಲ್ಲಕ್ಕಾ? ಮತ್ತೆ ಶುರು ಮಾಡಿದ್ನಾ?" ಎಂದು ಎರ್ಗೆಶ್ ನಕ್ಕ.

"ಇಲ್ಲ. ನಲ್ಲಿ ಮುಚ್ಚಿದ್ದು ನಾನು. ಅವನಲ್ಲ."

ಅವನ ನಗು ಮುಖದಲ್ಲೇ ನಿಂತಿತು. ಶಾರ್ಕಾನ್ ಅವನ ಬಾಗಿಲಲ್ಲೇ ಮೊದಲ ಕ್ಯಾನು ಇಳಿಸಬೇಕೆಂದು ಹಗ್ಗ ಎಳೆದಳು. ಕತ್ತೆ ನಿಲ್ಲಲಿಲ್ಲ. ಅವಳನ್ನೇ ಎಳೆದುಕೊಂಡು ಎಲ್ಲರ ಮುಂದೆ ಮನೆಮನೆ ದಾಟಿ ನಡೆಯಿತು, ಅವಳ ಅಂಗಳಕ್ಕೆ ಹೊಕ್ಕು, ಅವಳ ತೊಟ್ಟಿಯ ಪಕ್ಕ ನಿಂತಿತು.

"ನಡಿ," ಎಂದಳು. ತಳ್ಳಿದಳು. ಹಿಂದಕ್ಕೆ ಎಳೆದಳು. ಬೇಲಿಯಾಚೆ ಬಕೆಟ್ ಹಿಡಿದವರು ನೋಡುತ್ತಿದ್ದರು. ಅವಳ ಕುರಿಗಳು ಓಡಿಬಂದು ಖಾಲಿ ತೊಟ್ಟಿಗೆ ಮೂತಿ ಹಾಕಿದವು. ಮೊದಲ ಕ್ಯಾನು ಇಲ್ಲಿ ಇಳಿಯದೆ ಹೊರಡಬಾರದು ಎಂದು ಕತ್ತೆ ಬೇಸಿಗೆಯಿಡೀ ಕಲಿತಿತ್ತು. ಅದು ಕಿವಿಯನ್ನೂ ಆಡಿಸದೆ ಕಾಯುತ್ತ ನಿಂತಿತು.